ಸೊಂಟ ಅಂದರೆ ಎಲ್ಲಿ?

ಹೋದ ವರ್ಷ ಒಂದು ಕಿರುಪುಸ್ತಕ ಅನುವಾದಕ್ಕೆ ಬಂತು. ಬಸುರಿಯರಿಗೂ ಬಾಣಂತಿಯರಿಗೂ ವ್ಯಾಯಾಮ ಹೇಳಿಕೊಡುವ ಇಪ್ಪತ್ತು ಪುಟ. ಎರಡು ದಿನದ ಕೆಲಸ ಅಂದುಕೊಂಡು ಒಪ್ಪಿಕೊಂಡೆ. ಮೂರನೇ ಪುಟದಲ್ಲೇ ಸಿಕ್ಕಿಬಿದ್ದೆ. ಅಲ್ಲಿ 'ಪೆಲ್ವಿಕ್ ಗರ್ಡಲ್ ಪೇನ್' ಅಂತ ಇತ್ತು. ನಿಘಂಟು ಕೊಟ್ಟ 'ಶ್ರೋಣಿ'ಯನ್ನು ಹಾಕಿದರೆ ಹುಬ್ಬಳ್ಳಿಯ ಆಸ್ಪತ್ರೆಯ ಸಾಲಿನಲ್ಲಿ ಕೂತ ಬಸುರಿಗೆ ಅದು ಯಾರದೋ ಮಗಳ ಹೆಸರಿನ ಹಾಗೆ ಕೇಳಿಸುತ್ತದೆ. 'ಸೊಂಟ' ಅಂತ ಹಾಕಿದರೆ ಅರ್ಥ ಆಗುತ್ತದೆ, ಆದರೆ ತಪ್ಪು ಅರ್ಥ ಆಗುತ್ತದೆ.

ಯಾಕೆಂದರೆ ನಮ್ಮ ಸೊಂಟ ಬಹಳ ದೊಡ್ಡದು. ಸೀರೆ ಸಿಕ್ಕಿಸುವ ಜಾಗ ಸೊಂಟ, ಮಗುವನ್ನು ಎತ್ತಿಕೊಳ್ಳುವ ಪಕ್ಕದ ಎಲುಬು ಸೊಂಟ, ಮುದುಕರಿಗೆ ಹಿಡಿದುಕೊಳ್ಳುವ ಬೆನ್ನಿನ ಬುಡವೂ ಸೊಂಟ. ಉತ್ತರ ಕರ್ನಾಟಕದವರಾದ ನಮ್ಮ ಮನೆಯಲ್ಲಿ ಅದಕ್ಕೆ ಟೊಂಕ ಅಂತಾರೆ, ವ್ಯಾಪ್ತಿ ಅಷ್ಟೇ. ಆದರೆ ಕಿಬ್ಬೊಟ್ಟೆಯ ಕೆಳಗೆ, ಎರಡು ತೊಡೆಗಳ ನಡುವೆ ಮೇಲುಗಡೆ, ಮುಂಭಾಗದಲ್ಲಿ ಕೈಗೆ ಸಿಗುವ ಆ ಎಲುಬಿಗೆ ನಾವು ಮನೆಯಲ್ಲಿ ಆಡುವ ಹೆಸರು ನನಗೆ ಸಿಗಲಿಲ್ಲ. ಅಮ್ಮನನ್ನು ಕೇಳಿದೆ, ಅತ್ತೆಯನ್ನು ಕೇಳಿದೆ. ಇಬ್ಬರೂ ಒಂದೇ ಉತ್ತರ ಕೊಟ್ಟರು: ಕೈ ಅತ್ತ ತೋರಿಸಿ, 'ಅಲ್ಲಿ' ಅಂದರು.

ಆ 'ಅಲ್ಲಿ' ನನಗೆ ಗೊತ್ತಿತ್ತು. ನನ್ನ ಮಗಳು ಹೊಟ್ಟೆಯಲ್ಲಿದ್ದಾಗ, ಏಳನೇ ತಿಂಗಳಿಂದ, ಪುಣೆಯ ನಮ್ಮ ಮನೆಯ ಎರಡು ಮಹಡಿ ಮೆಟ್ಟಿಲು ನನಗೆ ದಿನದ ಲೆಕ್ಕಾಚಾರ ಆಗಿಬಿಟ್ಟಿತ್ತು. ಒಂದು ಕಾಲೆತ್ತಿ ಮೆಟ್ಟಿಲ ಮೇಲಿಟ್ಟರೆ ಮುಂದಿನ ಎಲುಬು ಎರಡಾಗಿ ಒಂದಕ್ಕೊಂದು ಉಜ್ಜಿದ ಹಾಗೆ. ಸಲ್ವಾರ್ ಹಾಕಲು ನಿಂತುಕೊಂಡು ಆಗದು, ಹಾಸಿಗೆಯಲ್ಲಿ ಮಗ್ಗುಲು ಬದಲಿಸಲು ಆಗದು. ನಡೆದರೆ ಬಾತುಕೋಳಿ. ಅತ್ತೆ ಸಮಾಧಾನ ಹೇಳಿದ್ದು ಹೀಗೆ: "ಎಲ್ಲಾರ್ಗೂ ಆಗತದವ್ವಾ, ಹಡದ ಮ್ಯಾಲ ಹೋಗತದ." ವೈದ್ಯರಿಗೆ ಹೇಳಿದೆ. ಅವರು ಕೇಳಿಸಿಕೊಂಡು ಫೈಲಿನಲ್ಲಿ 'ಬ್ಯಾಕ್ ಪೇನ್' ಅಂತ ಬರೆದರು. ನನಗೆ ಬೆನ್ನು ನೋಯುತ್ತಿರಲಿಲ್ಲ. ತಿದ್ದಿ ಅನ್ನಲು ನನ್ನ ಹತ್ತಿರವೂ ಬೇರೆ ಶಬ್ದ ಇರಲಿಲ್ಲ. ಭಾಷಾವಿಜ್ಞಾನದಲ್ಲಿ ಎಂಎ ಮಾಡಿದವಳ ಕಥೆ ಇದು.

ಆ ಒಂದು ಶಬ್ದ ಹುಡುಕುತ್ತಾ ಹೋದವಳು ಪ್ಯಾರಿಸ್ ದಾಟಿ ಐರ್ಲೆಂಡಿಗೆ ಹೋಗಿ ಮುಟ್ಟಿದೆ.

ಮೊದಲು ಆ ಜಾಗದ ವಿಷಯ. ಪೆಲ್ವಿಸ್ ಅಂದರೆ ಲ್ಯಾಟಿನ್ನಿನಲ್ಲಿ ಬೋಗುಣಿ. ತಳವಿಲ್ಲದ ಎಲುಬಿನ ಬೋಗುಣಿ ಅನ್ನಿ. ಹಿಂದುಗಡೆ ಬೆನ್ನುಮೂಳೆಯ ಬುಡಕ್ಕೆ ಎರಡು ಕೀಲು, ಮುಂದೆ ಎಡದ ಎಲುಬೂ ಬಲದ ಎಲುಬೂ ಸೇರುವ ಒಂದು ಕೂಡು. ಆ ಮುಂದಿನ ಕೂಡಿಗೆ ಸಿಂಫಿಸಿಸ್ ಅಂತ ಹೆಸರು, ಗ್ರೀಕಿನಲ್ಲಿ 'ಒಟ್ಟಿಗೆ ಬೆಳೆದದ್ದು'. ನಡುವೆ ಮೆದು ಎಲುಬಿನ ಬಿಲ್ಲೆ. ಅಂತರ ಮಾಮೂಲಿಗೆ ನಾಲ್ಕೈದು ಮಿಲಿಮೀಟರ್. ಬಸುರಿಯಲ್ಲಿ ಇನ್ನೆರಡು ಮೂರು ಮಿಲಿಮೀಟರ್ ಹಿಗ್ಗುತ್ತದೆ. ಒಂದು ಸೆಂಟಿಮೀಟರ್ ದಾಟಿದರೆ ಕೂಡು ಬಿಟ್ಟಿದೆ ಅನ್ನುತ್ತಾರೆ.

ನಾವು ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಒಂದು ಕ್ಷಣ ಇಡೀ ಮೈ ಒಂದೇ ಕಾಲಿನ ಮೇಲೆ ನಿಂತಿರುತ್ತದೆ. ಆಗ ಭಾರ ಬೆನ್ನಿಂದ ಒಂದೇ ಬದಿಯ ಕೀಲಿನ ಮೂಲಕ ಕಾಲಿಗೆ ಇಳಿಯುತ್ತದೆ, ಬೋಗುಣಿಯ ಎರಡು ಭಾಗ ಒಂದು ಮೇಲಕ್ಕೆ ಒಂದು ಕೆಳಕ್ಕೆ ಜಗ್ಗುತ್ತವೆ. ಕಟ್ಟು ಬಿಗಿಯಾಗಿದ್ದರೆ ಗೊತ್ತೂ ಆಗುವುದಿಲ್ಲ. ಸಡಿಲವಾಗಿದ್ದರೆ, ಅಥವಾ ಆ ಜಾಗ ಕೆರಳಿದ್ದರೆ, ಪ್ರತಿ ಹೆಜ್ಜೆಯೂ ಗೊತ್ತಾಗುತ್ತದೆ. ಮೈ ತಾನಾಗಿಯೇ ಹೆಜ್ಜೆ ಚಿಕ್ಕದು ಮಾಡುತ್ತದೆ, ವೇಗ ಇಳಿಸುತ್ತದೆ, ಭಾರವನ್ನು ಆ ಕಡೆ ಈ ಕಡೆ ತೂಗಿಕೊಂಡು ಹೋಗುತ್ತದೆ. ನಮ್ಮ ಕವಿಗಳು ಇಂಥ ನಿಧಾನ ನಡಿಗೆಗೆ 'ಗಜಗಮನೆ' ಅಂತ ಬಿರುದು ಕೊಟ್ಟು ಮುಗಿಸಿದರು. ಆನೆಗೆ ನೋಯುತ್ತಿತ್ತೇ ಅಂತ ಯಾರೂ ಕೇಳಿದಂತಿಲ್ಲ.

ಬಸುರಿಯಲ್ಲಿ ಈ ಕೂಡು ಸಡಿಲಾಗುತ್ತದೆಯೇ ಅನ್ನುವುದು ಹಳೆಯ ಪ್ರಶ್ನೆ. 1870ರಲ್ಲಿ ಅಮೆರಿಕದ ಫ್ರೆಡ್ರಿಕ್ ಸ್ನೆಲ್ಲಿಂಗ್ ಎಂಬ ವೈದ್ಯ ಬಸುರಿನಲ್ಲೂ ಹೆರಿಗೆಯಲ್ಲೂ ಪೆಲ್ವಿಸ್ಸಿನ ಕೂಡುಗಳು ಸಡಿಲಾಗುವ ಬಗ್ಗೆ ಉದ್ದನೆಯ ಲೇಖನ ಬರೆದ. 1926ರಲ್ಲಿ ಫ್ರೆಡರಿಕ್ ಹಿಸಾ, ಬಸುರಾದ ಪ್ರಾಣಿಯ ರಕ್ತದ ಸೀರಮ್ಮನ್ನು ಬಸುರಾಗದ ಗಿನಿಹಂದಿಗೆ ಚುಚ್ಚಿ ನೋಡಿದ. ಆ ಗಿನಿಹಂದಿಯ ಮುಂದಿನ ಕೂಡು ಸಡಿಲಾಯಿತು. ಆ ವಸ್ತುವಿಗೆ ಆಮೇಲೆ ರಿಲ್ಯಾಕ್ಸಿನ್ ಅಂತ ಹೆಸರಾಯಿತು. ಹಾರ್ಮೋನ್ ಸಿಕ್ಕಿತು, ನೋವಿನ ಕಾರಣವೂ ಸಿಕ್ಕಿತು ಅಂತ ಬಹಳ ಜನ ಅಂದುಕೊಂಡರು. ಆದರೆ ರಿಲ್ಯಾಕ್ಸಿನ್ ಹೆಚ್ಚಿದ್ದವರಿಗೆಲ್ಲ ನೋವು ಹೆಚ್ಚಿರುವುದಿಲ್ಲ, ಅಂತರ ಹೆಚ್ಚಿದ್ದವರಿಗೂ ಅಷ್ಟೇ. ನೋವನ್ನು ಎಕ್ಸ್-ರೇ ಮೇಲೆ ಸ್ಕೇಲ್ ಇಟ್ಟು ಅಳೆಯಲು ಬರುವುದಿಲ್ಲ. ಈ ಮಾತು ನೆನಪಿರಲಿ, ಮುಂದೆ ಒಂದು ನ್ಯಾಯದ ಪ್ರಶ್ನೆಯಲ್ಲಿ ಬೇಕಾಗುತ್ತದೆ.

ಕೂಡು ತಾನಾಗಿ ಸಡಿಲಾಗುವುದು ಒಂದು. ಅದನ್ನು ಚಾಕುವಿನಿಂದ ಕತ್ತರಿಸುವುದು ಇನ್ನೊಂದು. ಅದರ ಹೆಸರು ಸಿಂಫಿಸಿಯಾಟಮಿ.

1777ರ ಅಕ್ಟೋಬರ್ ಆರಂಭದ ಒಂದು ರಾತ್ರಿ, ಪ್ಯಾರಿಸ್ಸಿನಲ್ಲಿ, ಜಾನ್-ರೆನೆ ಸಿಗೋ ಎಂಬ ವೈದ್ಯ ಮದಾಮ್ ಸೂಶೋ ಎಂಬ ಹೆಂಗಸಿಗೆ ಇದನ್ನು ಮಾಡಿದ. ಆಕೆ ಸೈನಿಕನೊಬ್ಬನ ಹೆಂಡತಿ. ರಿಕೆಟ್ಸ್‌ನಿಂದ ಎಲುಬು ಸೊಟ್ಟಗಾಗಿ ಬೆಳೆದ, ತುಂಬಾ ಗಿಡ್ಡ ಮೈ. ಬೋಗುಣಿಯ ಬಾಯಿ ಕಿರಿದು. ಅದಕ್ಕೆ ಮುಂಚೆ ನಾಲ್ಕು ಹೆರಿಗೆಯಲ್ಲಿ ಒಂದು ಮಗುವೂ ಉಳಿದಿರಲಿಲ್ಲ. ಆ ಕಾಲದಲ್ಲಿ ಸಿಸೇರಿಯನ್ ಅಂದರೆ ಹೆಚ್ಚುಕಡಿಮೆ ತಾಯಿಯ ಸಾವು. ಮುಂದಿನ ಕೂಡನ್ನು ಕತ್ತರಿಸಿದರೆ ಎಲುಬುಗಳು ಎರಡು ಬದಿಗೆ ಸರಿದು ತಲೆಗೆ ದಾರಿಯಾಗುತ್ತದೆ ಅನ್ನುವುದು ಸಿಗೋನ ಯೋಚನೆ. ವಿದ್ಯಾರ್ಥಿಯಾಗಿದ್ದಾಗಲೇ, 1768ರಲ್ಲಿ, ಇದನ್ನು ಶಸ್ತ್ರವೈದ್ಯರ ಅಕಾಡೆಮಿಯ ಮುಂದಿಟ್ಟಿದ್ದ. ಅವರು ತಳ್ಳಿಹಾಕಿದ್ದರು. ಈಗ ಮಗು ಬದುಕಿತು, ತಾಯಿಯೂ ಬದುಕಿದಳು. ವೈದ್ಯಕೀಯ ಫ್ಯಾಕಲ್ಟಿ ಅವನ ಗೌರವಕ್ಕೆ ಪದಕವನ್ನೇ ಟಂಕಿಸಿತು.

ಮದಾಮ್ ಸೂಶೋಗೆ ಉಳಿದದ್ದು ಮೂತ್ರ ಸೋರುವ ಫಿಸ್ಟುಲಾ, ಜೊತೆಗೆ ನಡೆಯುವುದಕ್ಕೆ ತ್ರಾಸ. ಬೋದೆಲೋಕ್‌ನಂಥ ಹೆಸರಾಂತ ಹೆರಿಗೆ ವೈದ್ಯರು ಈ ಶಸ್ತ್ರಕ್ರಿಯೆಯನ್ನು ಕಟುವಾಗಿ ವಿರೋಧಿಸಿದರು, ಪ್ಯಾರಿಸ್ ಎರಡು ಪಂಗಡವಾಗಿ ಜಗಳವಾಡಿತು. ಆದರೂ ನ್ಯಾಯವಾಗಿ ಹೇಳಬೇಕು: ಆ ರಾತ್ರಿ ಆ ಹೆಂಗಸಿನ ಮುಂದೆ ಇದ್ದ ಬೇರೆ ದಾರಿಗಳು ಇದಕ್ಕಿಂತ ಕೆಟ್ಟವೇ ಆಗಿದ್ದವು. ಸಿಗೋನ ಮೇಲೆ ನನಗೆ ಸಿಟ್ಟಿಲ್ಲ. ನನ್ನನ್ನು ಕಾಡಿದ್ದು ಬೇರೆ ದಾರಿ ಇದ್ದಾಗಲೂ ಇದನ್ನು ಮಾಡಿದ ಕಥೆ.

ಇಪ್ಪತ್ತನೇ ಶತಮಾನದ ನಡುವಿನ ಹೊತ್ತಿಗೆ ಶ್ರೀಮಂತ ದೇಶಗಳಲ್ಲಿ ಸಿಂಫಿಸಿಯಾಟಮಿ ಹೆಚ್ಚುಕಡಿಮೆ ಮರೆತುಹೋಗಿತ್ತು. ಸಿಸೇರಿಯನ್ ಸುಧಾರಿಸಿತ್ತು, ರಕ್ತ ಕೊಡುವ ವ್ಯವಸ್ಥೆ ಬಂದಿತ್ತು, ಆ್ಯಂಟಿಬಯಾಟಿಕ್ ಬರುತ್ತಿತ್ತು. ಇಂಥ ಹೊತ್ತಿನಲ್ಲಿ, 1944ರಲ್ಲಿ, ಡಬ್ಲಿನ್ನಿನ ಹೊಲ್ಸ್ ಸ್ಟ್ರೀಟಿನಲ್ಲಿರುವ ನ್ಯಾಷನಲ್ ಮೆಟರ್ನಿಟಿ ಹಾಸ್ಪಿಟಲ್ ಅದನ್ನು ಮತ್ತೆ ಕೈಗೆತ್ತಿಕೊಂಡಿತು. ಅಲ್ಲಿಯ ಮುಖ್ಯಸ್ಥನನ್ನು ಮಾಸ್ಟರ್ ಅಂತ ಕರೆಯುತ್ತಾರೆ. ಆಗಿನ ಮಾಸ್ಟರ್ ಅಲೆಕ್ಸ್ ಸ್ಪೇನ್. ಅವನ ನಂತರ, 1949ರಿಂದ, ಆರ್ಥರ್ ಬ್ಯಾರಿ.

ಯಾಕೆ ಅಂತ ಅರ್ಥವಾಗಲು ಆ ದೇಶದ ಆಗಿನ ಕಾನೂನು ನೋಡಬೇಕು. 1935ರಲ್ಲಿ ಐರ್ಲೆಂಡ್ ಗರ್ಭನಿರೋಧಕಗಳ ಮಾರಾಟವನ್ನೂ ಆಮದನ್ನೂ ನಿಷೇಧಿಸಿತ್ತು. ಅದು ಸಡಿಲಾಗಲು ಹೊಸ ಕಾಯ್ದೆ ಬಂದದ್ದು 1979ರಲ್ಲಿ. ಮದುವೆಯಾದ ಹೆಂಗಸಿಗೆ ಆರು, ಎಂಟು, ಹತ್ತು ಮಕ್ಕಳು ಅನ್ನುವುದು ಮಾಮೂಲು. ಸಿಸೇರಿಯನ್ ಒಮ್ಮೆ ಮಾಡಿದರೆ ಮುಂದಿನ ಹೆರಿಗೆಗೂ ಅದೇ ಬೇಕಾಗಬಹುದು. ಮೂರು ನಾಲ್ಕು ಸಲದ ಮೇಲೆ ಗರ್ಭಕೋಶಕ್ಕೆ ಅಪಾಯ. ಆಗ ವೈದ್ಯರು 'ಇನ್ನು ಸಾಕು' ಅನ್ನಬೇಕಾಗುತ್ತದೆ. ಸಾಕು ಅನ್ನಲು ಇರುವ ದಾರಿಗಳು ಗರ್ಭನಿರೋಧಕ ಇಲ್ಲವೇ ಸಂತಾನಹರಣ ಶಸ್ತ್ರಕ್ರಿಯೆ. ಎರಡೂ ಕ್ಯಾಥೊಲಿಕ್ ನೀತಿಗೆ ಒಪ್ಪದು. ಕೂಡನ್ನು ಒಮ್ಮೆ ಕತ್ತರಿಸಿ ಅಗಲ ಮಾಡಿಬಿಟ್ಟರೆ ಮುಂದಿನ ಮಕ್ಕಳೆಲ್ಲ ಅದೇ ದಾರಿಯಲ್ಲಿ ಹುಟ್ಟಬಹುದಲ್ಲ ಅನ್ನುವುದು ಈ ಮಾಸ್ಟರ್‌ಗಳ ತರ್ಕ. ಅಂದರೆ ಲೆಕ್ಕ ಹಾಕುತ್ತಿದ್ದದ್ದು ಮುಂದಿನ ಹೆರಿಗೆಗಳದ್ದು. ಆ ಹೆಂಗಸು ನಾಳೆ ಬೆಳಿಗ್ಗೆ ಎದ್ದು ಹೇಗೆ ನಡೆಯುತ್ತಾಳೆ ಅನ್ನುವುದು ಆ ಲೆಕ್ಕದಲ್ಲಿ ಚಿಕ್ಕ ಅಂಕಿ.

ಆಗ ಯಾರೂ ಕೇಳಲಿಲ್ಲವೇ? ಕೇಳಿದರು. ಆಕ್ಸ್‌ಫರ್ಡಿನ ಪ್ರೊಫೆಸರ್ ಚಾಸರ್ ಮೊಯಿರ್ ಸೇರಿದಂತೆ ಬ್ರಿಟನ್ನಿನ ವೈದ್ಯರು ಬ್ಯಾರಿಯ ಪದ್ಧತಿಯನ್ನು ಖಾರವಾಗಿಯೇ ಪ್ರಶ್ನಿಸಿದರು. ಹಾಗಾಗಿ 'ಆ ಕಾಲದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು' ಅನ್ನುವ ಮಾತು ಇಲ್ಲಿ ಸಲ್ಲುವುದಿಲ್ಲ.

ಡಬ್ಲಿನ್ನಿನ ಉತ್ತರಕ್ಕೆ ದ್ರೊಹೆಡಾ ಅಂತ ಒಂದು ಊರಿದೆ. ಅಲ್ಲಿ 1937ರಲ್ಲಿ ಸ್ಥಾಪನೆಯಾದ ಮೆಡಿಕಲ್ ಮಿಷನರೀಸ್ ಆಫ್ ಮೇರಿ ಎಂಬ ಸನ್ಯಾಸಿನಿಯರ ಸಂಸ್ಥೆ ನಡೆಸುತ್ತಿದ್ದ ಅವರ್ ಲೇಡಿ ಆಫ್ ಲೂರ್ಡ್ಸ್ ಆಸ್ಪತ್ರೆ. ಡಬ್ಲಿನ್ನಿನಲ್ಲಿ ಈ ಶಸ್ತ್ರಕ್ರಿಯೆ ಕಡಿಮೆಯಾಗುತ್ತಾ ಬಂದ ಮೇಲೂ ದ್ರೊಹೆಡಾದಲ್ಲಿ 1980ರ ದಶಕದ ಆರಂಭದವರೆಗೆ ನಡೆಯಿತು. ಇಡೀ ದೇಶದಲ್ಲಿ, 1940ರ ದಶಕದಿಂದ 1980ರ ದಶಕದ ನಡುವೆ, ಸುಮಾರು 1,500 ಹೆಂಗಸರಿಗೆ ಇದನ್ನು ಮಾಡಲಾಯಿತು ಅನ್ನುವುದು ಸಾಮಾನ್ಯವಾಗಿ ಒಪ್ಪಿದ ಅಂದಾಜು. ಹೆರಿಗೆ ನಡೆಯುತ್ತಿರುವಾಗ ಮಾಡಿದ್ದುಂಟು, ಹೆರಿಗೆಗೆ ಮುಂಚೆಯೇ ಮಾಡಿದ್ದುಂಟು. ಸಿಸೇರಿಯನ್ ಮಾಡಿ ಮಗುವನ್ನು ಹೊರಗೆ ತೆಗೆದಾದ ಮೇಲೂ ಕೂಡನ್ನು ಕತ್ತರಿಸಿದ್ದುಂಟು. 1969ರಲ್ಲಿ ದ್ರೊಹೆಡಾದಲ್ಲಿ 18 ವರ್ಷದ ಹುಡುಗಿಯೊಬ್ಬಳಿಗೆ ಹೀಗಾಯಿತು. ಮಗು ಆಗಲೇ ಹೊರಗೆ ಬಂದಿತ್ತು. ಕತ್ತರಿಸಿದ್ದು ಇನ್ನೂ ಇಲ್ಲದ ಮಕ್ಕಳಿಗಾಗಿ. 2012ರಲ್ಲಿ ಐರ್ಲೆಂಡಿನ ಸುಪ್ರೀಂ ಕೋರ್ಟ್ ಆಕೆಯ ಪರವಾಗಿ ತೀರ್ಪು ಎತ್ತಿಹಿಡಿಯಿತು. ಪರಿಹಾರದ ಮೊತ್ತವನ್ನು ಮಾತ್ರ 3,25,000 ಯೂರೋಗೆ ಇಳಿಸಿತು.

ಶಸ್ತ್ರಕ್ರಿಯೆ ಹೇಗೆ ಅಂತ ಹೆಚ್ಚು ಬರೆಯುವುದಿಲ್ಲ. ಸ್ಥಳೀಯ ಅರಿವಳಿಕೆ, ಚರ್ಮದ ಮೂಲಕ ಬ್ಲೇಡು, ಮೆದು ಎಲುಬು ಕತ್ತರಿಸಿದ ಮೇಲೆ ಎಲುಬುಗಳು ಬೇರೆಯಾಗುವುದು. ಬೋಗುಣಿ ಒಂದು ಉಂಗುರವಾದ್ದರಿಂದ ಮುಂದೆ ಬಿಟ್ಟರೆ ಹಿಂದಿನ ಎರಡು ಕೀಲುಗಳೂ ಎಳೆತಕ್ಕೆ ಸಿಗುತ್ತವೆ. ಆಮೇಲೆ ಸೊಂಟಕ್ಕೆ ಬಿಗಿಯಾಗಿ ಪಟ್ಟಿ ಕಟ್ಟಿ ಮಲಗಿಸುವುದು. ಹೆಂಗಸರು ಮುಂದೆ ಹೇಳಿಕೊಂಡ ನೆನಪುಗಳಲ್ಲಿ ಮತ್ತೆ ಮತ್ತೆ ಬರುವುದು ಬೇರೆ ಸಂಗತಿ: ಏನು ಮಾಡುತ್ತಿದ್ದೇವೆ ಅಂತ ಯಾರೂ ಹೇಳಲಿಲ್ಲ, ಒಪ್ಪಿಗೆ ಕೇಳಲಿಲ್ಲ, ಆಮೇಲೂ ಹೇಳಲಿಲ್ಲ. ಮನೆಗೆ ಬಂದರು. ಮಗುವನ್ನು ಎತ್ತಿಕೊಂಡು ನಿಲ್ಲಲು ಆಗಲಿಲ್ಲ. ಮೆಟ್ಟಿಲು ಹತ್ತಲು ಆಗಲಿಲ್ಲ. ಕೆಲವರಿಗೆ ಮೂತ್ರ ನಿಲ್ಲಲಿಲ್ಲ. ವೈದ್ಯರಿಗೆ ತೋರಿಸಿದರೆ ಬೆನ್ನು, ನರ, ಮನಸ್ಸು, ವಯಸ್ಸು. ಬಹಳಷ್ಟು ಮಂದಿ ಹೆರಿಗೆ ಅಂದರೆ ಹೀಗೇ ಇರಬೇಕು ಅಂತ ನಂಬಿಕೊಂಡರು. ಅವರ ಅತ್ತೆಯರೂ 'ಎಲ್ಲಾರ್ಗೂ ಆಗತದ' ಅಂತ ಐರಿಷ್ ಇಂಗ್ಲಿಷಿನಲ್ಲಿ ಹೇಳಿರಬೇಕು.

1999ರಲ್ಲಿ ಜಾಕ್ಲಿನ್ ಮಾರಿಸ್ಸಿ ಎಂಬ ಇತಿಹಾಸಕಾರ್ತಿ 'ಐರಿಷ್ ಟೈಮ್ಸ್'ನಲ್ಲಿ ಈ ಬಗ್ಗೆ ಒಂದು ಲೇಖನ ಬರೆದರು. ಸಿಂಫಿಸಿಯಾಟಮಿ ಅನ್ನುವ ಶಬ್ದ ಸಾಮಾನ್ಯ ಓದುಗರ ಕಣ್ಣಿಗೆ ಬಿತ್ತು. ಮೂವತ್ತು ನಲವತ್ತು ವರ್ಷ ಕುಂಟಿಕೊಂಡು ಬಂದ ಹೆಂಗಸರಲ್ಲಿ ಕೆಲವರಿಗೆ, ಇದು ನನಗೇ ಆದದ್ದಲ್ಲವೇ, ಅಂತ ಹೊಳೆದದ್ದು ಆಗ. ಶಬ್ದ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ ತಮ್ಮ ಹಳೆಯ ದಾಖಲೆ ಕೇಳಿದರು. ಕೆಲವರಿಗೆ ಸಿಕ್ಕಿತು. ಕೆಲವರಿಗೆ ಅಂಥ ದಾಖಲೆಯೇ ಇಲ್ಲ ಅನ್ನುವ ಉತ್ತರ ಸಿಕ್ಕಿತು. ನಂತರ 'ಸರ್ವೈವರ್ಸ್ ಆಫ್ ಸಿಂಫಿಸಿಯಾಟಮಿ' ಅಂತ ಸಂಘಟನೆ ಆಯಿತು, ಟಿವಿಯಲ್ಲಿ ಬಂತು, ಪಾರ್ಲಿಮೆಂಟಿನಲ್ಲಿ ಬಂತು. 2014ರ ಜುಲೈಯಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಸ್ವತಂತ್ರ ತನಿಖೆಯಾಗಬೇಕು ಅಂತ ಐರ್ಲೆಂಡಿಗೆ ಹೇಳಿತು. ಅದೇ ವರ್ಷ ಪ್ರಕಟವಾದ ಇತಿಹಾಸಕಾರ್ತಿ ಊನಾ ವಾಲ್ಶ್ ಅವರ ವರದಿ ಇದನ್ನು ಅಪರೂಪದ ಸಂದರ್ಭಕ್ಕೆ ಬಳಸಿದ ಕ್ರಮವೆಂದು ನೋಡಿತು. ಹೆಂಗಸರ ಸಂಘಟನೆ ಒಪ್ಪಲಿಲ್ಲ.

2014ರ ನವೆಂಬರಿನಲ್ಲಿ ಸರ್ಕಾರ ಪರಿಹಾರ ಯೋಜನೆ ತೆರೆಯಿತು. ನಡೆಸಿದವರು ನ್ಯಾಯಾಧೀಶೆ ಮೊರೀನ್ ಹಾರ್ಡಿಂಗ್ ಕ್ಲಾರ್ಕ್. 50,000, 1,00,000, 1,50,000 ಯೂರೋ, ಹೀಗೆ ಮೂರು ಹಂತ. ಶಸ್ತ್ರಕ್ರಿಯೆ ಆಗಿತ್ತು ಅಂತ ತೋರಿಸಿದರೆ ಮೊದಲ ಹಂತ. ಅದರಿಂದ ಗಂಭೀರ ಊನ ಉಳಿಯಿತು ಅಂತ ತೋರಿಸಿದರೆ ಮೇಲಿನದು. ಅರ್ಜಿ ಹಾಕಲು ಕೊಟ್ಟದ್ದು ಕೆಲವೇ ವಾರ. ಹಣ ಒಪ್ಪಿಕೊಂಡರೆ ಕೋರ್ಟಿನ ದಾರಿ ಬಿಡಬೇಕು. 590 ಅರ್ಜಿ ಬಂದವು, 399 ಮಂದಿಗೆ ಪರಿಹಾರ ಸಿಕ್ಕಿತು.

2016ರಲ್ಲಿ ಬಂದ ಕ್ಲಾರ್ಕ್ ಅವರ ವರದಿ ಓದಲು ಹಿತವಾದದ್ದಲ್ಲ. ಯಾರ ಪರ ಇದ್ದವರಿಗೂ. ಶಸ್ತ್ರಕ್ರಿಯೆಯಾದ ಹೆಚ್ಚಿನವರು ಚೇತರಿಸಿಕೊಂಡು ಮತ್ತೆ ಮಕ್ಕಳನ್ನು ಹೆತ್ತಿದ್ದರು ಅನ್ನುತ್ತದೆ ಅದು. ತಮಗೆ ಸಿಂಫಿಸಿಯಾಟಮಿ ಆಗಿತ್ತೆಂದು ಪ್ರಾಮಾಣಿಕವಾಗಿ ನಂಬಿದ್ದ ಕೆಲವರಿಗೆ ಅದು ಆಗಿಯೇ ಇರಲಿಲ್ಲ ಅನ್ನುತ್ತದೆ. ಜೀವಮಾನದ ಊನ ಅಂತ ಹೇಳಿಕೊಂಡದ್ದಕ್ಕೆ ದಾಖಲೆಯ, ಎಕ್ಸ್-ರೇಯ ಆಧಾರ ಅನೇಕರಲ್ಲಿ ಸಿಗಲಿಲ್ಲ ಅನ್ನುತ್ತದೆ. ಹೋರಾಟಗಾರರಿಗೆ ಇದು ಎರಡನೇ ಗಾಯವಾಯಿತು. 2020ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ತನ್ನ ಮುಂದೆ ಬಂದ ಅರ್ಜಿಗಳನ್ನು ತಳ್ಳಿಹಾಕಿತು.

ನಾನು ಇದನ್ನು ಹಲವು ದಿನ ಯೋಚಿಸಿದೆ. ಕ್ಲಾರ್ಕ್ ಸುಳ್ಳು ಬರೆದರು ಅಂತ ನನಗೆ ಅನಿಸುವುದಿಲ್ಲ. ಎಪ್ಪತ್ತೈದು ವಯಸ್ಸಿನ ಹೆಂಗಸಿನ ಸೊಂಟದಲ್ಲಿ ಹೆರಿಗೆಯ ಪೆಟ್ಟು ಎಷ್ಟು, ಸಂಧಿವಾತ ಎಷ್ಟು, ಹೇಗೆ ಬೇರೆ ಮಾಡುವುದು? ನಿಜವಾಗಿಯೂ ಕಷ್ಟ. ಆದರೆ ನೋವಿಗೆ ಎಕ್ಸ್-ರೇಯಲ್ಲಿ ಸಾಕ್ಷಿ ಕೇಳಿದರೆ, ಆ ನೋವು ಎಕ್ಸ್-ರೇಗೆ ಪೂರ್ತಿ ಸಿಗದ ಜಾತಿಯದು. ಹಳೆಯ ಕಾಗದದಲ್ಲಿ ಸಾಕ್ಷಿ ಕೇಳಿದರೆ, ಅವಳಿಗೆ ಏನು ಮಾಡಿದೆವು ಅಂತ ಅವಳಿಗೇ ಹೇಳದವರು ಅವಳು ಆಮೇಲೆ ಹೇಗೆ ನಡೆದಳು ಅಂತ ಯಾಕೆ ಬರೆದಿಟ್ಟಾರು? 1960ರಲ್ಲಿ ಆಕೆಯ ಹಳ್ಳಿಯ ವೈದ್ಯ ತನ್ನ ಪುಸ್ತಕದಲ್ಲಿ 'ಬ್ಯಾಕ್ ಪೇನ್' ಅಂತ ಬರೆದಿದ್ದರೆ, 2015ರಲ್ಲಿ ಆ ಎರಡು ಶಬ್ದ ಆಕೆಯ ವಿರುದ್ಧದ ಸಾಕ್ಷಿ. ಆಗ ನನ್ನ ಫೈಲು ನೆನಪಾಯಿತು. ನನಗೆ ಯಾರೂ ಏನೂ ಕತ್ತರಿಸಿಲ್ಲ, ಹೋಲಿಕೆ ಮಾಡಲು ನಾಚಿಕೆಯಾಗುತ್ತದೆ. ಆದರೂ ನೆನಪಾಯಿತು.

ಸ್ಕ್ಯಾಂಡಿನೇವಿಯಾದ ಕಡೆ ಈ ಮಾತು ಬೇರೆ ಥರ ಬೆಳೆಯಿತು. ನಾರ್ವೆಯವರ ಹತ್ತಿರ 'ಬೆಕ್ಕೆನ್‌ಲೋಸ್ನಿಂಗ್' ಅಂತ ಒಂದು ಶಬ್ದ ಇದೆ, ಪೆಲ್ವಿಸ್ ಸಡಿಲಾಗುವುದು ಅಂತ ಅರ್ಥ. ಸ್ವೀಡನ್ನಿನವರದ್ದು 'ಫೂಗ್‌ಲೋಸ್ನಿಂಗ್', ಕೂಡು ಬಿಚ್ಚಿಕೊಳ್ಳುವುದು. ಇವು ವೈದ್ಯರ ಶಬ್ದಗಳಲ್ಲ, ಜನರು ಆಡುವ ಮಾತು. ಈಗಿನ ವೈದ್ಯರು ಆ ಶಬ್ದಗಳನ್ನು ಅಷ್ಟಾಗಿ ಮೆಚ್ಚುವುದಿಲ್ಲ; ಮೈ ಬಿಚ್ಚಿಹೋಗುತ್ತಿದೆ ಅಂತ ಹೆಂಗಸು ಹೆದರಿ ನಡೆಯುವುದನ್ನೇ ಬಿಟ್ಟಾಳು ಅನ್ನುತ್ತಾರೆ. ಅದೂ ಸರಿಯೇ. ಆದರೆ ಹೆಸರು ಇದ್ದದ್ದಕ್ಕೆ ತಾನೇ ಆ ಜಗಳ.

ನಡಿಗೆಯ ನೋವನ್ನು ಬರೆದಿಡುವ ಒಂದು ಸರಳ ದಾರಿ ನೆದರ್ಲೆಂಡ್ಸ್‌ನ ಯಾನ್ ಮೆನ್ಸ್ ಮತ್ತು ಜೊತೆಗಾರರಿಂದ 2000ದ ಆಸುಪಾಸಿನಲ್ಲಿ ಬಂತು. ಅಂಗಾತ ಮಲಗಿ, ಮಂಡಿ ಬಗ್ಗಿಸದೆ, ಒಂದು ಕಾಲನ್ನು 20 ಸೆಂಟಿಮೀಟರ್ ಎತ್ತಬೇಕು. ಎಷ್ಟು ಕಷ್ಟವಾಯಿತು ಅಂತ ಹೆಂಗಸೇ ಸೊನ್ನೆಯಿಂದ ಐದರವರೆಗೆ ಅಂಕ ಕೊಡಬೇಕು. ಇನ್ನೊಂದು ಕಾಲಿಗೂ ಹಾಗೇ. ಸೊಂಟವನ್ನು ಎರಡೂ ಪಕ್ಕದಿಂದ ಒತ್ತಿ ಹಿಡಿದಾಗ, ಅಥವಾ ಪಟ್ಟಿ ಕಟ್ಟಿದಾಗ, ಎತ್ತುವುದು ಹಗುರಾದರೆ ತೊಂದರೆ ಎಲ್ಲಿದೆ ಅನ್ನುವುದಕ್ಕೆ ಅದೊಂದು ಸುಳಿವು. ಯಂತ್ರ ಬೇಡ, ಎಕ್ಸ್-ರೇ ಬೇಡ. 2008ರ ಯುರೋಪಿನ ಮಾರ್ಗಸೂಚಿಯಲ್ಲಿ ಇದು ಸೇರಿದೆ. ಬಸುರಿಯರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಈ ನೋವು ಇರುತ್ತದೆ ಅಂತಲೂ ಅದೇ ಹೇಳುತ್ತದೆ. ಹೆಚ್ಚಿನವರಿಗೆ ಹೆರಿಗೆಯಾದ ಕೆಲವು ತಿಂಗಳಲ್ಲಿ ಹೋಗುತ್ತದೆ. ನನ್ನ ಅತ್ತೆ ಅಷ್ಟರ ಮಟ್ಟಿಗೆ ಸರಿ. ಕೆಲವರಿಗೆ ಹೋಗುವುದಿಲ್ಲ.

ನನಗೆ ಐದು ತಿಂಗಳು ಹಿಡಿಯಿತು. ಬಾಣಂತನದಲ್ಲಿ ಅಮ್ಮ ಹಳೇ ಕಾಟನ್ ಸೀರೆ ಹರಿದು ಹೊಟ್ಟೆಗೆ ಕಟ್ಟುತ್ತಿದ್ದಳು, ಹೊಟ್ಟೆ ಒಳಗೆ ಹೋಗಲಿ ಅಂತ. ಒಂದು ದಿನ ಸ್ವಲ್ಪ ಕೆಳಗೆ, ಎಲುಬಿನ ಮೇಲೆ ಕಟ್ಟು ಅಂದೆ. ಕಟ್ಟಿದಳು. ಅವತ್ತು ಬಚ್ಚಲಿಗೆ ಗೋಡೆ ಹಿಡಿಯದೆ ಹೋದೆ.

ಇನ್ನು ಅನುವಾದ. 'ಶ್ರೋಣಿ' ಬಿಟ್ಟೆ. 'ಸೊಂಟದ ಕಟ್ಟಿನ ನೋವು' ಅಂತ ಬರೆದು, ಪಕ್ಕದಲ್ಲಿ ಚಿತ್ರ ಹಾಕಿಸಿ ಮೂರು ಕಡೆ ಬಾಣದ ಗುರುತು ಇಡಿಸಿದೆ: ಹಿಂದೆ ಎರಡು, ಮುಂದೆ ಒಂದು. ಮುಂದಿನದಕ್ಕೆ 'ಕೂಡೆಲುಬು' ಅಂತ ನಾನೇ ಒಂದು ಶಬ್ದ ಮಾಡಿಕೊಂಡೆ. ನಿಮ್ಮ ಊರಿನಲ್ಲಿ, ನಿಮ್ಮ ಅಜ್ಜಿಯರ ಬಾಯಲ್ಲಿ ಇದಕ್ಕೆ ಹೆಸರಿದ್ದರೆ ದಯವಿಟ್ಟು ಬರೆಯಿರಿ, ಇನ್ನೊಂದು ಮುದ್ರಣಕ್ಕೆ ತಿದ್ದಿಕೊಳ್ಳಬಹುದು. ಕೊನೆಯ ಪುಟದಲ್ಲಿ ಜಾಗ ಉಳಿದಿತ್ತು. ಅಲ್ಲಿ ನಾಲ್ಕು ಖಾಲಿ ಗೆರೆ ಎಳೆದು, ಮೇಲೆ ಒಂದು ಸಾಲು ಸೇರಿಸಿದೆ: ಮೆಟ್ಟಿಲು ಹತ್ತುವಾಗ, ಮಗ್ಗುಲು ಬದಲಿಸುವಾಗ, ಒಂದು ಕಾಲಿನ ಮೇಲೆ ನಿಂತಾಗ ಎಲ್ಲಿ ನೋಯಿತು ಅಂತ ಬರೆದು ದಿನಾಂಕ ಹಾಕಿ, ಅದನ್ನೇ ವೈದ್ಯರಿಗೆ ತೋರಿಸಿ.

ಮೂಲದಲ್ಲಿ ಆ ಸಾಲು ಇರಲಿಲ್ಲ. ಕೆಲಸ ಕೊಟ್ಟವರು ಗಮನಿಸಿದರೋ ಇಲ್ಲವೋ, ಹಾಗೇ ಅಚ್ಚಾಯಿತು.